ದೇವದೂತರು ಕೊಯ್ದ ಮಗ

ಹತ್ತಿ ಬಿಡಿಸುವ ಕೆಲಸ ಮುಗಿದು, ಬರಿಗಿಡಗಳನ್ನು ಕಿತ್ತು ಚಳಿಗಾಲದ ಒಲೆಗೆಂದು ಮನೆಮನೆಯ ಮಾಳಿಗೆ ಮೇಲೆ ಒಟ್ಟುತ್ತಿದ್ದ ಕಾಲ. ಬೆಳಗಿನ ಚಹಾ ಆಗಿತ್ತು. ಬೋಯ್ಸೂನ್ ಬೆಟ್ಟದ ನೆತ್ತಿಗೆ ಬಿಸಿಲು ಬಂದಿತ್ತಾದರೂ ಬುಡದ ಕೋಕ್‌ಸಾಯ್ ಹಳ್ಳಿಗೆ ಇನ್ನೂ ಇಳಿದಿರಲಿಲ್ಲ. ಸುನ್ನತ್ ತನ್ನ ಕಂದು ಕುದುರೆಯನ್ನು ಲಾಯದ ಮುಂದೆ ಕಟ್ಟಿ ಮೈ ತಿಕ್ಕುತ್ತಿದ್ದ. ಆಗ ಒಂದು ಹಸಿರು ಜೀಪು ಬಂದು ಬಾಗಿಲಲ್ಲಿ ನಿಂತಿತು. ಅದರಿಂದ ಇಳಿದ ಹೆಂಗಸು ಎರಡು ಮಾತು ಆಡಿದಳು. ಎರಡನೆಯ ಮಾತು ಮುಗಿಯುವಷ್ಟರಲ್ಲಿ ಸುನ್ನತ್ ಚಾವಟಿಯ ಹಿಡಿಯಿಂದ ಜೀಪಿನ ಮುಂಗಾಜನ್ನು ಒಡೆದುಹಾಕಿದ್ದ.

ಡ್ರೈವರ್ ಬೈಯುತ್ತ ಕೆಳಗಿಳಿದ. ಅವನ ಮೂಗಿಗೂ ಒಂದು ಬಿತ್ತು. ಅವನು ಚಕ್ರಕ್ಕೆ ಒರಗಿ ಕೂತು, ಎರಡು ಕೈಯಲ್ಲೂ ರಕ್ತ ಹಿಡಿದುಕೊಂಡ.

ಹೆಂಗಸು ಓಡಿಹೋಗಲಿಲ್ಲ. ಅವಳ ಹೆಸರು ಸಯ್ಯೋರಾ, ತಾಷ್ಕೆಂಟಿನ ದೊಡ್ಡ ಆಸ್ಪತ್ರೆಯ ವೈದ್ಯೆ. ಹತ್ತಿ ಬೆಳೆಯುವ ಹಳ್ಳಿಗಳನ್ನು ಒಂದೊಂದಾಗಿ ಸುತ್ತುತ್ತ, ಇನ್ನೂ ಶಾಲೆಗೆ ಸೇರದ ಚಿಕ್ಕ ಗಂಡುಮಕ್ಕಳನ್ನೆಲ್ಲ ಕರೆಸಿ, ಅವರ ಉಚ್ಚೆಯ ಅಂಗ ಹುಟ್ಟಿನಲ್ಲಿ ಸರಿಯಾಗಿ ಬೆಳೆದಿದೆಯೋ ಇಲ್ಲವೋ ನೋಡುವುದು ಅವಳ ಕೆಲಸ. ಯಾವ ಊರಲ್ಲಿ ಹೆಚ್ಚು, ಯಾವ ಮನೆಯಲ್ಲಿ ಹೆಚ್ಚು, ಯಾಕೆ ಎಂದು ಅವಳು ಹುಡುಕುತ್ತಿದ್ದಳು. ಊರವರು ಅವಳಿಗೆ ಚಡ್ಡಿ ಡಾಕ್ಟರಮ್ಮ ಎಂದು ಹೆಸರಿಟ್ಟಿದ್ದರು. ಹಿಂದಿನ ದಿನ ಸುನ್ನತನ ಹೆಂಡತಿ ನೋರ್ಬೀಬಿ ಐದು ವರ್ಷದ ಮಗ ತಿಲೋವನನ್ನು ದವಾಖಾನೆಗೆ ಕರೆದೊಯ್ದಿದ್ದಳು. ಡಾಕ್ಟರಮ್ಮ ಮಗುವನ್ನು ನೋಡಿ ಸುಮ್ಮನಾದಾಗ ನೋರ್ಬೀಬಿಯೇ ನಕ್ಕು ಹೇಳಿದ್ದಳು, ಗಾಬರಿಯಾಗಬೇಡಿ ತಾಯಿ, ಇದು ದೇವದೂತರು ಹೊಟ್ಟೆಯಲ್ಲೇ ಸುನ್ನತಿ ಕೊಯ್ದು ಕಳಿಸಿದ್ದು, ಇವನಪ್ಪನಿಗೂ ಹೀಗೇ ಎಂದು. ಆ ಮಾತು ಹಿಡಿದುಕೊಂಡೇ ಡಾಕ್ಟರಮ್ಮ ಬೆಳಗಾಗುತ್ತಲೇ ಬಂದದ್ದು. ಹಾದಿಯಲ್ಲಿ ಹೋಗುವವರ ಎದುರೇ, ನಿಮ್ಮನ್ನೂ ಒಮ್ಮೆ ನೋಡಬೇಕಿತ್ತು ಎಂದು ಕೇಳಿದ್ದಳು.

ಅವಳು ಕೋಟಿನ ಮೇಲಿನ ಗಾಜಿನ ಚೂರು ಕೊಡವಿದಳು.

"ಗಾಜು ಹಾಳಾಗ್ಲಿ ಅಣ್ಣ. ಮಗೂಗೆ ಮಾತ್ರ ಕತ್ತಿ ತಾಗಿಸ್ಬೇಡಿ. ಅದನ್ನ ಹೇಳೋಕೂ ನಾನು ಬಂದಿದ್ದು."

ಅಷ್ಟು ಹೇಳಿ ಅವಳೇ ಡ್ರೈವರನನ್ನು ಎಬ್ಬಿಸಿ ಕೂರಿಸಿ, ಅವಳೇ ಜೀಪು ನಡೆಸಿಕೊಂಡು ಹೋದಳು.

ಸುನ್ನತನ ಸಿಟ್ಟು ಇಳಿಯಲಿಲ್ಲ. ಅದು ಇವತ್ತಿನ ಸಿಟ್ಟಲ್ಲ. ಅವನು ಹುಟ್ಟಿದಾಗ ಮುಂದೊಗಲು ಕೆಳಗಡೆ ಇಲ್ಲದೆ, ಮೇಲೆ ಮಾತ್ರ ಮುಸುಕಿನ ಹಾಗೆ ಇತ್ತು. ಸೂಲಗಿತ್ತಿ ಅದನ್ನು ನೋಡಿ ಕೈಯೆತ್ತಿ ದೇವರಿಗೆ ವಂದಿಸಿದಳು. ಅಂಥ ಮಗುವಿಗೆ ಆ ಸೀಮೆಯಲ್ಲಿ ಇಡುವ ಸುನ್ನತ್ ಎಂಬ ಹೆಸರನ್ನೇ ಇಟ್ಟರು. ಅವನ ಅಪ್ಪ ಹೋಲ್ಮುರಾದ್ ಅದುವರೆಗೆ ಪಂಕ್ತಿಯಲ್ಲಿ ಬಾಗಿಲ ಹತ್ತಿರ ಕೂರುತ್ತಿದ್ದವನು, ಆಮೇಲೆ ಹಿರಿಯರು ಕೂರುವ ಮೇಲಿನ ಕೌದಿಗೆ ಏರಿದ. ಮಗನಿಗೆ ಐದಾದಾಗ ಕ್ಷೌರಿಕ ಎಗಂಬೆರ್ದಿ ಉಸ್ತಾ ಬಂದು, ಮೇಲೆ ಉಳಿದಿದ್ದ ಆ ಮುಸುಕನ್ನೂ ಕೊಯ್ದು, ದೇವದೂತರ ಕೆಲಸಕ್ಕೆ ಕೊನೆಯ ಕೈ ಹಾಕಿದವನು ನಾನು ಎಂದು ಹೇಳಿಕೊಂಡು ತಿರುಗಿದ. ಆದರೆ ಉಚ್ಚೆಯ ದಾರಿ ತುದಿ ಮುಟ್ಟುವ ಮೊದಲೇ ಕೆಳಗೆ ಬಾಯಿ ಬಿಟ್ಟಿದೆ ಎಂಬುದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಆ ಊರಲ್ಲಿ ಗಂಡಸರೆಲ್ಲ ಕುಕ್ಕರುಗಾಲಲ್ಲಿ ಕೂತೇ ಉಚ್ಚೆ ಹೊಯ್ಯುವುದು. ನಿಂತು ಹೊಯ್ಯುವವನನ್ನು ದನ ಎನ್ನುತ್ತಾರೆ. ಹಾಗಾಗಿ ಸುನ್ನತನಿಗೂ ತನ್ನಲ್ಲಿ ಬೇರೆ ಏನೋ ಇದೆ ಎಂದು ಹದಿನೆಂಟರವರೆಗೆ ಅನ್ನಿಸಿರಲಿಲ್ಲ.

ಹದಿನೆಂಟಕ್ಕೆ ಸೈನ್ಯಕ್ಕೆ ಕರೆದರು. ಉತ್ತರದಲ್ಲಿ ಎಲ್ಲೋ ಹಿಮದ ನಡುವೆ ಬ್ಯಾರಕ್ಕು. ಅಲ್ಲಿ ಗೋಡೆಗೆ ಮುಖ ಮಾಡಿ ಸಾಲಾಗಿ ನಿಲ್ಲಬೇಕು; ಇವನೊಬ್ಬ ಕೂರುತ್ತಿದ್ದ. ಮೊದಲು ನಕ್ಕರು. ಆಮೇಲೆ ಸ್ನಾನದ ಮನೆಯಲ್ಲಿ ಹಿಡಿದು ನೋಡಿದರು. ನೋಡಿದ ಮೇಲೆ ಅವನಿಗೆ ಹುಡುಗಿಯ ಹೆಸರಿಟ್ಟರು. ಬೆಲ್ಟಿನ ಹಿತ್ತಾಳೆ ಕೊಕ್ಕೆಯಿಂದ ಬಾರಿಸಿದರು, ಬಿಸಿನೀರಿನ ಕೊಳವೆಗೆ ಬೆನ್ನು ಒತ್ತಿ ಹಿಡಿದರು, ಬೂಟಿನಿಂದ ದವಡೆ ಮುರಿದರು. ಊರಿಗೆ ಸೊಟ್ಟ ದವಡೆಯಲ್ಲಿ ಬಂದವನು, ಕುದುರೆಯಿಂದ ಬಿದ್ದೆ ಎಂದ. ಆ ಪಡೆಯಲ್ಲಿ ಕುದುರೆ ಎಲ್ಲಿತ್ತು ಎಂದು ಯಾರೂ ಕೇಳಲಿಲ್ಲ.

ಅವತ್ತಿನಿಂದ ಅವನು ಬೇರೆಯೇ ಮನುಷ್ಯ. ಆಡಿನ ಮುಂಡಕ್ಕಾಗಿ ಕುದುರೆ ಸವಾರರು ಕಾದಾಡುವ ಆಟದಲ್ಲಿ ಅವನಷ್ಟು ಕ್ರೂರಿ ಸುತ್ತ ಏಳು ಹಳ್ಳಿಯಲ್ಲಿ ಇರಲಿಲ್ಲ. ಪಕ್ಕೆಲುಬು ಮುರಿಸಿಕೊಂಡವರು, ಹಲ್ಲು ಉದುರಿಸಿಕೊಂಡವರು ಅವನ ಹೆಸರು ಹೇಳಿ ಉಗಿಯುತ್ತಿದ್ದರು. ಮುಂದಿನ ಆಟಕ್ಕೆ ಮತ್ತೆ ಬರುತ್ತಿದ್ದರು.

ಮಧ್ಯಾಹ್ನ ಅವನು ಮನೆಯೊಳಗೆ ಹೋದ. ನೋರ್ಬೀಬಿ ತಂದೂರಿ ಒಲೆಯ ಗೋಡೆಗೆ ರೊಟ್ಟಿ ಬಡಿಯುತ್ತಿದ್ದಳು. ಊರಿಗೆಲ್ಲ ಗಂಡನ ಗುಟ್ಟು ಹಂಚಿಕೊಂಡು ಬಂದೆಯಾ ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೊಡೆದ. ಅವಳ ಹಣೆ ಒಲೆಯ ಬಾಯಿಯ ಅಂಚಿಗೆ ತಾಗಿ ಒಡೆಯಿತು. ಮತ್ತೆ ಕೈಯೆತ್ತಿದ. ಅವಳು ಮುಖ ಮುಚ್ಚಿಕೊಳ್ಳಲಿಲ್ಲ. ತೋಳಿನಲ್ಲಿ ರಕ್ತ ಒರೆಸಿಕೊಂಡು ಅವನನ್ನೇ ನೋಡಿದಳು.

"ಹೊಡೀರಿ. ನಾನು ಹೇಗೋ ತಡ್ಕೋತೀನಿ. ನಿಮ್ಮ ಮಗಾನೂ ನಾಳೆ ಸೈನ್ಯಕ್ಕೆ ಹೋಗ್ತಾನೆ. ಅಲ್ಲಿ ಅವನು ಯಾರ ಹತ್ರ ಬೇಡ, ಬಿಡಿ ಅಂತ ಅಳ್ಬೇಕು?"

ಸುನ್ನತನ ಕೈ ಅಲ್ಲೇ ನಿಂತಿತು. ಆ ಸ್ನಾನದ ಮನೆಯ ಮಾತನ್ನು ಅವನು ಈ ಲೋಕದಲ್ಲಿ ಯಾರಿಗೂ ಹೇಳಿರಲಿಲ್ಲ. ಆದರೆ ಮದುವೆಯಾದಾಗಿನಿಂದ ನಿದ್ದೆಯಲ್ಲಿ ಅವನು ರಷ್ಯನ್ ಭಾಷೆಯಲ್ಲಿ ಬೇಡಿಕೊಳ್ಳುತ್ತಿದ್ದ. ಬೇಡ, ಬಿಡಿ ಎನ್ನುವಷ್ಟು ರಷ್ಯನ್ ಅವಳಿಗೂ ತಿಳಿಯುತ್ತಿತ್ತು. ಅವನು ಒಲೆಯ ಪಕ್ಕ ಕುಸಿದು ಕೂತ. ಒಳಗಿದ್ದ ರೊಟ್ಟಿ ಸೀದು ಬೂದಿಗೆ ಬಿದ್ದಿತು, ಇಬ್ಬರೂ ತೆಗೆಯಲಿಲ್ಲ.

ಬಿಸಿಲು ಇಳಿಯುವ ಮೊದಲು ಅವನು ದವಾಖಾನೆಗೆ ನಡೆದ. ಬಾಗಿಲಲ್ಲಿ ಡ್ರೈವರ್ ಮೂಗಿಗೆ ಹತ್ತಿ ತುರುಕಿಕೊಂಡು ಕೂತಿದ್ದ. ಇವನನ್ನು ಕಂಡು ಎದ್ದು, ಮೊದಲು ಚಾವಟಿ ಹೊರಗಿಡು, ಆಮೇಲೆ ಒಳಗೆ ಹೋಗು ಎಂದ. ಸುನ್ನತ್ ಚಾವಟಿಯನ್ನು ಅವನ ಕೈಗೇ ಕೊಟ್ಟ. ಡ್ರೈವರ್ ಅದನ್ನು ಹಾವು ಹಿಡಿದವನ ಹಾಗೆ ದೂರ ಹಿಡಿದುಕೊಂಡು ನಿಂತ.

ಡಾಕ್ಟರಮ್ಮ ಅವನಿಗೆ ಕೂರಲು ಹೇಳಿದಳು. ಬಟ್ಟೆ ಬಿಚ್ಚಲು ಹೇಳಲಿಲ್ಲ. ಅವನು ಮೊದಲು ಕೇಳಿದ್ದು, ಕತ್ತಿ ತಾಗಿದರೆ ಏನಾಗುತ್ತದೆ ಎಂದು. ಅವಳು ನಿಧಾನವಾಗಿ ಬಿಡಿಸಿ ಹೇಳಿದಳು. ದಾರಿಯನ್ನು ತುದಿಯವರೆಗೆ ಒಯ್ಯಬಹುದು, ಅದಕ್ಕೊಂದು ಶಸ್ತ್ರಚಿಕಿತ್ಸೆ ಇದೆ. ಆದರೆ ಹೊಸ ಕೊಳವೆ ಹೊಲಿಯಲು ಬಟ್ಟೆ ಬೇಕು, ಆ ಬಟ್ಟೆ ಬೇರೆಲ್ಲೂ ಸಿಗುವುದಿಲ್ಲ, ಮೇಲೆ ಉಳಿದಿರುವ ಆ ಮುಂದೊಗಲೇ ಬಟ್ಟೆ. ಉಸ್ತಾ ಕೊಯ್ದು ಬೂದಿಯಲ್ಲಿ ಹೂಳುವುದು ಅದನ್ನೇ. ಅದು ಹೋದ ಮೇಲೆ ಎಂಥ ದರ್ಜಿ ಬಂದರೂ ತೇಪೆಗೆ ತೇಪೆ ಹಾಕಬೇಕು, ಅದು ನಿಲ್ಲುತ್ತದೆ ಎಂಬ ನೆಚ್ಚಿಗೆಯಿಲ್ಲ.

ಆಮೇಲೆ ಸುನ್ನತ್ ಇನ್ನೊಂದು ಪ್ರಶ್ನೆ ಕೇಳಿದ.

"ಇದ್ಯಾಕೆ ಹೀಗಾಗುತ್ತೆ ಡಾಕ್ಟರಮ್ಮ?"

"ಗೊತ್ತಿಲ್ಲ. ವಂಶದಲ್ಲಿ ಬರುತ್ತೋ, ಹತ್ತಿ ಎಲೆ ಉದುರ್ಲಿ ಅಂತ ವಿಮಾನದಿಂದ ಸುರೀತಾರಲ್ಲ ಅದರಿಂದ ಬರುತ್ತೋ, ಎರಡೂ ಅಲ್ವೋ. ಗೊತ್ತಿದ್ರೆ ಈ ಧೂಳಲ್ಲಿ ಅಲೀತಿದ್ನಾ? ಅದಕ್ಕೇ ನಿಮ್ಮ ರಕ್ತ ಕೇಳೋಕೆ ಬಂದಿದ್ದೆ."

"ಹಾಗಾದ್ರೆ ದೇವದೂತರು ಮಾಡಿದ್ದಲ್ಲ."

"ದೇವದೂತರು ಮಾಡಿದ್ರೆ ಅರ್ಧಕ್ಕೆ ಬಿಟ್ಟು ಹೋಗ್ತಿದ್ರಾ ಅಣ್ಣ?"

ಇನ್ನೊಂದು ದಿನವಾಗಿದ್ದರೆ ಆ ಮಾತಿಗೆ ಮೇಜು ಮುರಿಯುತ್ತಿತ್ತು. ಅವನು ಎದ್ದು ಹೊರಬಂದು, ಡ್ರೈವರನ ಕೈಯಿಂದ ಚಾವಟಿ ತೆಗೆದುಕೊಂಡು ಅಪ್ಪನ ಮನೆಗೆ ಹೋದ.

ಶನಿವಾರ ತಿಲೋವನ ಸುನ್ನತಿಯ ಹಬ್ಬ. ಸರ್ಕಾರದ ಹೆದರಿಕೆಗೆ ಅಂಥ ಹಬ್ಬವನ್ನು ಕದ ಮುಚ್ಚಿ ಮಾಡುತ್ತಿದ್ದ ಕಾಲ ಆಗಷ್ಟೇ ಕಳೆದಿತ್ತು. ಕಹಳೆ ಊದಿಸಿ, ಆಟ ಇಡಿಸಿ, ಏಳು ಹಳ್ಳಿಗೆ ಸಾರಿ ಮಾಡುತ್ತಿದ್ದ ಮೊದಲ ಹಬ್ಬ ಹೋಲ್ಮುರಾದನದೇ. ಗೆದ್ದವನಿಗೆ ಒಂಟೆ ಎಂದು ಅವನು ಸಾರಿಬಿಟ್ಟಿದ್ದ. ಒಂದೇ ಮನೆಯಲ್ಲಿ ಎರಡು ತಲೆಮಾರು ದೇವದೂತರು ಕೈಯಾಡಿಸಿದ್ದು ಯಾರ ವಂಶದಲ್ಲಿದೆ ಎಂದು ಅವನು ಹಾದಿಯಲ್ಲಿ ಹೋಗುವವರನ್ನು ನಿಲ್ಲಿಸಿ ಕೇಳುತ್ತಿದ್ದ. ಸುನ್ನತ್ ಬಂದು, ಹಬ್ಬ ಆಗಲಿ, ಊಟ ಆಗಲಿ, ಕತ್ತಿ ಮಾತ್ರ ಬೇಡ ಎಂದಾಗ ಮುದುಕನಿಗೆ ಅರ್ಥವೇ ಆಗಲಿಲ್ಲ.

ಅಣ್ಣ ಚೋರಿ ಅಲ್ಲೇ ಕೂತು ಬೀಜ ಸುಲಿಯುತ್ತಿದ್ದ. ಅವನು ಎಲ್ಲರ ಹಾಗೆ ಹುಟ್ಟಿ, ಎಲ್ಲರ ಹಾಗೆ ಕೊಯ್ಯಿಸಿಕೊಂಡವನು. ಹುಟ್ಟಿದ ಮನೆಯಲ್ಲಿ ಹಿರಿಯ ಮಗನಾಗಿದ್ದೂ ತಮ್ಮನ ನೆರಳಲ್ಲಿ ಬೆಳೆದವನು. ಅವನು ಸಿಪ್ಪೆ ಉಗಿದು ಹೇಳಿದ:

"ಏನ್ ತಮ್ಮಾ, ದೇವದೂತರನ್ನ ಬಿಟ್ಟು ಚಡ್ಡಿ ಡಾಕ್ಟರಮ್ಮನ ಕಡೆ ಸೇರ್ಕೊಂಡ್ಯಾ? ನಿಂದೂ ಬಿಚ್ಚಿಸಿ ನೋಡಿದ್ಲಂತಲ್ಲ."

ಸುನ್ನತ್ ಎದ್ದ. ಅಪ್ಪ ಇಬ್ಬರ ನಡುವೆ ಕೋಲು ಅಡ್ಡ ಹಿಡಿದು ಇಬ್ಬರನ್ನೂ ಕೂರಿಸಿದ. ನಿನಗೇನು ಕಡಿಮೆಯಾಗಿದೆ, ಹೆಂಡತಿಯಿಲ್ಲವೇ, ಮಗನಿಲ್ಲವೇ, ಊರಲ್ಲಿ ನಿನ್ನಂಥ ಸವಾರನಿದ್ದಾನೆಯೇ ಎಂದು ಕೇಳಿದ. ಉತ್ತರ ಸುನ್ನತನ ನಾಲಿಗೆಯವರೆಗೆ ಬಂತು. ಅಪ್ಪನ ಮುಂದೆ ಆ ಸ್ನಾನದ ಮನೆಯ ಮಾತು ಆಡುವುದೆಂದರೆ ಅಪ್ಪ ಕೂತಿರುವ ಮೇಲಿನ ಕೌದಿಯನ್ನೇ ಎಳೆದಂತೆ. ಅವನು ಬೇಡ ಎಂದ. ಮತ್ತೆ ಕೇಳಿದರೂ ಬೇಡ ಎಂದಷ್ಟೇ ಅಂದ.

ಕೊನೆಗೆ ಹೋಲ್ಮುರಾದ್ ಹಾಸಿನ ಮೇಲಿದ್ದ ರೊಟ್ಟಿ ಎತ್ತಿ ಹಣೆಗೆ ಮುಟ್ಟಿಸಿ ಮಾತು ಕೊಟ್ಟ. ಉಸ್ತಾ ಕತ್ತಿ ತೋರಿಸುತ್ತಾನೆ, ಹುಂಜದ ರಕ್ತ ಬಟ್ಟೆಗೆ ಹಚ್ಚುತ್ತಾನೆ, ಜನ ನೋಡಿಕೊಂಡು ಹೋಗುತ್ತಾರೆ. ಅದೂ ಆಟ ಮುಗಿದು ನೀನು ಬಂದ ಮೇಲೆ, ಮಗು ನಿನ್ನ ತೊಡೆಯ ಮೇಲೆ ಇರುವಾಗ. ರೊಟ್ಟಿ ಹಿಡಿದು ಆಡಿದ ಮಾತು ಆ ಸೀಮೆಯಲ್ಲಿ ಮುರಿಯುವಂಥದಲ್ಲ. ಸುನ್ನತ್ ನಂಬಿದ.

ಮುದುಕನೂ ಮೋಸ ಮಾಡಬೇಕೆಂದು ಆಡಿದ್ದಲ್ಲ. ಆದರೆ ಮಾರನೆಯ ದಿನ ಉಸ್ತಾ ಎಗಂಬೆರ್ದಿ ಬಂದು ಕೂತ. ಹುಂಜದ ರಕ್ತ ಹಚ್ಚಿ ಹೋಗಲು ನಾನೇನು ಅಡುಗೆಯವನೇ ಎಂದ. ದೇವದೂತರು ನನ್ನ ಪಾಲಿಗೆಂದು ಬಿಟ್ಟದ್ದನ್ನು ನಾನು ಮುಟ್ಟದೆ ಹೋದರೆ ಮಗುವಿನ ಮೇಲಿನ ಕೃಪೆ ಹಿಂದೆ ಹೋಗುತ್ತದೆ, ಆಮೇಲೆ ನನ್ನನ್ನು ಕೇಳಬೇಡ ಎಂದ. ಮಗು ಸಾಯುತ್ತದೆ ಎಂದು ಅವನು ಬಾಯಿಬಿಟ್ಟು ಹೇಳಲಿಲ್ಲ, ಹೇಳದೆಯೇ ಹೇಳಿದ. ಹೋಲ್ಮುರಾದ್ ಹೆದರಿದ. ಸುನ್ನತ್ ಆಟದಲ್ಲಿರುವಾಗಲೇ ಮುಗಿಸಿಬಿಡೋಣ, ಆದ ಮೇಲೆ ಅವನೇ ಒಪ್ಪುತ್ತಾನೆ ಎಂದು ಚೋರಿ ದಾರಿ ಹೇಳಿಕೊಟ್ಟ. ರೊಟ್ಟಿಯ ಮಾತಿಗಿಂತ ಮೊಮ್ಮಗನ ಜೀವ ದೊಡ್ಡದು ಎಂದು ಮುದುಕ ತನಗೆ ತಾನೇ ಸಮಾಧಾನ ಹೇಳಿಕೊಂಡ.

ಶನಿವಾರ ಬಂತು. ಹಳ್ಳದಾಚೆಯ ಬಯಲಿನಲ್ಲಿ ಕುದುರೆಗಳ ಉಸಿರು ಹೊಗೆಯಾಗಿ ಏಳುತ್ತಿತ್ತು. ಸವಾರರು ಹತ್ತಿ ತುಂಬಿದ ದಪ್ಪ ಅಂಗಿ ತೊಟ್ಟು, ತಲೆಗೆ ಟ್ಯಾಂಕಿನ ಸೈನಿಕರ ಹಳೆಯ ಟೋಪಿ ಬಿಗಿದು, ಚಾವಟಿಯನ್ನು ಹಲ್ಲಲ್ಲಿ ಕಚ್ಚಿ ನಿಂತಿದ್ದರು. ನಡುವೆ ತಲೆ ಕಡಿದ ಆಡಿನ ಮುಂಡ. ಅದನ್ನು ನೆಲದಿಂದ ಎತ್ತಿ, ತೊಡೆ ಕೆಳಗೆ ಸಿಕ್ಕಿಸಿ, ಮುತ್ತಿದವರಿಂದೆಲ್ಲ ಬಿಡಿಸಿಕೊಂಡು ಗುರುತಿನ ಗುಂಡಿಗೆ ಎಸೆದವನು ಗೆದ್ದ. ಬೇರೆ ನಿಯಮವಿಲ್ಲ. ಮುಂಡ ಯಾರ ಬಳಿ ಇದೆಯೋ ಅವನನ್ನು ಉಳಿದವರೆಲ್ಲ ಬೆನ್ನಟ್ಟಬೇಕು.

ಮೊದಲ ಸುತ್ತಿನಲ್ಲೇ ಒಬ್ಬನ ಕಾಲು ಎರಡು ಕುದುರೆಗಳ ನಡುವೆ ಸಿಕ್ಕಿ ಮುರಿಯಿತು. ಮೂಳೆಯ ಸದ್ದು ದಡದಲ್ಲಿದ್ದವರಿಗೂ ಕೇಳಿತು. ಎಳೆದು ಹೊರಗೆ ಹಾಕಿದರು, ಆಟ ನಿಲ್ಲಲಿಲ್ಲ. ಸುನ್ನತ್ ಗುಂಪಿನೊಳಗೆ ಕುದುರೆ ನುಗ್ಗಿಸಿದ. ಎದುರಿನವನ ಮುಖಕ್ಕೆ ಮೊಣಕೈ ಹಾಕಿದ, ಇನ್ನೊಬ್ಬನ ಮಣಿಕಟ್ಟನ್ನು ಚಾವಟಿಯಿಂದ ಸೀಳಿದ. ಯಾರೋ ಹಿಂದಿನಿಂದ ಅವನ ಬೆನ್ನಿಗೆ ಬಾರಿಸಿದರು, ಬಾಯಿಗೆ ಉಪ್ಪು ಬಂತು. ತಲೆ ನೆಲಕ್ಕೆ ತಾಗುವಷ್ಟು ಬಾಗಿ ಮುಂಡದ ಕಾಲು ಹಿಡಿದು ಎಳೆದು ತೊಡೆಗೆ ಸಿಕ್ಕಿಸಿಕೊಂಡ. ಕಂದು ಕುದುರೆ ಎದುರಿನ ಕುದುರೆಯ ಕತ್ತು ಕಚ್ಚಿ ದಾರಿ ಮಾಡಿತು. ಅವನು ಹೊರಬಿದ್ದ. ಎದುರಿಗೆ ಗುರುತಿನ ಗುಂಡಿ, ಅದರಾಚೆ ಒಂಟೆ ನಿಂತಿತ್ತು.

ಆಗ ಊರಿನ ಕಡೆಯಿಂದ ಕಹಳೆ ಕೇಳಿತು.

ಆಳುದ್ದದ ಆ ಕಹಳೆಯನ್ನು ಸುಮ್ಮನೆ ಊದುವುದಿಲ್ಲ. ಮಗುವನ್ನು ಕೌದಿಯ ಮೇಲೆ ಮಲಗಿಸಿದಾಗ, ಅಳು ಹೊರಗೆ ಕೇಳದಿರಲಿ ಎಂದು ಊದುತ್ತಾರೆ. ಸುನ್ನತ್ ದಡದ ಮೇಲೆ ಕಣ್ಣಾಡಿಸಿದ. ಅಪ್ಪನಿರಲಿಲ್ಲ. ಪ್ರತಿ ಆಟಕ್ಕೂ ಬಂದು ತಮ್ಮ ಬೀಳುವುದನ್ನೇ ಕಾಯುವ ಚೋರಿ ಇರಲಿಲ್ಲ. ಅವನಿಗೆ ಎಲ್ಲವೂ ತಿಳಿಯಿತು. ಗುರುತಿನ ಗುಂಡಿಗೆ ಇನ್ನು ಒಂದು ಕಲ್ಲೆಸೆತ ದೂರವಿರುವಾಗ ಲಗಾಮು ತಿರುಗಿಸಿ ಊರಿನ ಕಡೆ ಕುದುರೆ ಬಿಟ್ಟ.

ಮುಂಡವನ್ನು ಕೆಳಗೆ ಹಾಕಬೇಕೆಂಬುದು ಅವನಿಗೆ ಹೊಳೆಯಲಿಲ್ಲ. ಅದು ತೊಡೆ ಕೆಳಗೆ ಸಿಕ್ಕಿಕೊಂಡಿತ್ತು, ಅಷ್ಟು ವರ್ಷದ ಅಭ್ಯಾಸದ ತೊಡೆ ಅದನ್ನು ತಾನಾಗಿಯೇ ಬಿಗಿಹಿಡಿದಿತ್ತು. ಹಿಂದಿನ ಸವಾರರಿಗೆ ಕಂಡದ್ದು ಇಷ್ಟೇ: ಮುಂಡ ಹಿಡಿದವನು ಓಡುತ್ತಿದ್ದಾನೆ. ಯಾಕೆ, ಎಲ್ಲಿಗೆ ಎಂದು ಒಬ್ಬನೂ ಕೇಳಿಕೊಳ್ಳಲಿಲ್ಲ. ಬಯಲಿನ ಅಷ್ಟೂ ಕುದುರೆಗಳು ಅವನ ಹಿಂದೆ ಬಿದ್ದವು.

ಹೋಲ್ಮುರಾದನ ಮನೆಯಲ್ಲಿ ನೋರ್ಬೀಬಿಯನ್ನು ಒಳಕೋಣೆಯಲ್ಲಿ ಕೂರಿಸಿ, ಪದ್ಧತಿಯಂತೆ ಅವಳ ಎರಡು ಕೈಯನ್ನೂ ಹಿಟ್ಟಿನ ಬೋಗುಣಿಯಲ್ಲಿ ಇಡಿಸಿದ್ದರು. ಮಗನಿಗೆ ಕತ್ತಿ ತಾಗುವ ಹೊತ್ತಿಗೆ ತಾಯಿಯ ಕೈ ಹಿಟ್ಟಿನಲ್ಲಿದ್ದರೆ ಗಾಯ ಬೇಗ ಒಣಗುತ್ತದಂತೆ. ಹುಂಜದ ಆಟಕ್ಕೂ ಇದು ಬೇಕೇ ಎಂದು ಅವಳು ಕೇಳಿದ್ದಕ್ಕೆ, ಜನ ನೋಡಲಿ ಎಂದಿದ್ದರು. ಕಹಳೆ ಎದ್ದಾಗ ಅವಳೂ ಏಳಲು ಹೋದಳು. ಎರಡು ಬದಿಯ ಹೆಂಗಸರು ಭುಜ ಅದುಮಿದರು. ಆಗ ಅವಳಿಗೆ ತಿಳಿಯಿತು. ಒಬ್ಬಳ ಕೈ ಕಚ್ಚಿ, ಇನ್ನೊಬ್ಬಳ ಮುಖಕ್ಕೆ ಬೋಗುಣಿ ಎತ್ತಿ ಹಾಕಿ, ಹಿಟ್ಟು ಮೆತ್ತಿದ ಕೈಯಲ್ಲೇ ಅಂಗಳಕ್ಕೆ ಹಾರಿದಳು.

ಚೋರಿ ಮಗುವಿನ ತೋಳು ಹಿಡಿದಿದ್ದ. ಹಕ್ಕಿ ನೋಡು, ಮೇಲೆ ಹಕ್ಕಿ ನೋಡು ಎಂದು ಉಸ್ತಾ ಹೇಳುತ್ತಿದ್ದ. ಅವನ ಬಲಗೈಯಲ್ಲಿ ಕತ್ತಿ ಇಳಿಯುತ್ತಿತ್ತು. ನೋರ್ಬೀಬಿ ತನ್ನ ಅಂಗೈಯನ್ನು ನಡುವೆ ತೂರಿಸಿದಳು. ಕತ್ತಿ ಆ ಅಂಗೈಯನ್ನು ಹೆಬ್ಬೆರಳ ಬುಡದಿಂದ ಆಚೆ ಅಂಚಿನವರೆಗೆ ಸೀಳಿತು. ಬಿಳಿ ಹಿಟ್ಟು ಕೆಂಪು ಕಣಕವಾಯಿತು. ಮಗು ಹಕ್ಕಿ ಹುಡುಕುವುದನ್ನು ಬಿಟ್ಟು ಕಿರುಚಿತು. ಅವಳು ಮಗುವಿನ ಮೇಲೆ ಕವುಚಿ ಬಿದ್ದಳು. ಚೋರಿ ಅವಳ ಜಡೆ ಹಿಡಿದು ಎಳೆದ, ಅವಳು ಏಳಲಿಲ್ಲ. ಬೆನ್ನಿಗೆ ಒದ್ದ, ಏಳಲಿಲ್ಲ. ಹೆಂಗಸೇ ದೂರ ಸರಿ, ಕೆಲಸ ಕೆಟ್ಟರೆ ಪಾಪ ನಿನಗೆ ಎಂದು ಉಸ್ತಾ ಕತ್ತಿ ಒರೆಸಿಕೊಳ್ಳುತ್ತಿದ್ದ.

ಆ ಹೊತ್ತಿಗೆ ಸುನ್ನತ್ ಅಂಗಳಕ್ಕೆ ನುಗ್ಗಿದ. ಚಾವಟಿ ಮೊದಲು ಉಸ್ತಾನ ಮುಖಕ್ಕೆ, ಮರುಗಳಿಗೆಗೆ ಕತ್ತಿಯ ಕೈಗೆ ಬಿತ್ತು. ಚೋರಿ ನೋರ್ಬೀಬಿಯ ಜಡೆ ಬಿಟ್ಟು ಕುದುರೆಯ ಲಗಾಮಿಗೆ ಜೋತುಬಿದ್ದ. ಸುನ್ನತ್ ಬಾಗಿ ಚಾವಟಿಯ ಹಿಡಿಯನ್ನು ಅಣ್ಣನ ಬಾಯಿಗೆ ಹೊಡೆದ. ಒಮ್ಮೆಗೆ ಬಿಡದೆ ಮತ್ತೆ ಹೊಡೆದ. ಚೋರಿ ಹಲ್ಲು ಉಗುಳುತ್ತ ಪಲಾವಿನ ಕೊಪ್ಪರಿಗೆಯ ಮೇಲೆ ಬಿದ್ದ. ಕುದಿವ ಕೊಬ್ಬು ಚೆಲ್ಲಿ ಒಲೆಯ ಬೆಂಕಿ ಆಳೆತ್ತರ ಎದ್ದಿತು.

ಹೋಲ್ಮುರಾದ್ ಬಾಗಿಲಲ್ಲಿ ನಿಂತಿದ್ದ. ಮಗನನ್ನು ತಡೆಯಲಾಗದೆ ಪಕ್ಕಕ್ಕೆ ಸರಿದವನು ಹಾದಿಯಲ್ಲಿ ಗುಡುಗಿನ ಹಾಗೆ ಸದ್ದು ಕೇಳಿ ತಿರುಗಿದ. ಇಡೀ ಆಟ ಅವನ ಮನೆಗೆ ಬರುತ್ತಿತ್ತು. ಮಕ್ಕಳಿದ್ದಾರೆ, ನಿಲ್ಲಿ ಎಂದು ಮುದುಕ ಎರಡು ಕೈ ಅಗಲಿಸಿ ಬಾಗಿಲಿಗೆ ಅಡ್ಡ ನಿಂತ. ಮುಂದಿನವನು ಲಗಾಮು ಎಳೆದ, ಹಿಂದಿನವರು ಎಳೆಯಲಿಲ್ಲ. ಮಣ್ಣಿನ ಕಮಾನು, ಬಾಗಿಲ ಚೌಕಟ್ಟು, ಮುದುಕ, ಮೂರೂ ಒಟ್ಟಿಗೆ ಕೆಳಗೆ ಬಿದ್ದವು, ಅವುಗಳ ಮೇಲೆ ಕುದುರೆಗಳು ಹಾದವು. ಅಂಗಳದಲ್ಲಿ ಕೂತು ಊಟಕ್ಕೆ ಕಾಯುತ್ತಿದ್ದವರು ಗೋಡೆ ಹತ್ತಿದರು. ಕತ್ತಿ ಹುಡುಕುತ್ತ ಮೊಣಕಾಲೂರಿದ್ದ ಉಸ್ತಾನ ಬಲಗೈ ಮೇಲೆ ಒಂದು ಗೊರಸು ಪೂರ್ತಿ ಊರಿ ಹೋಯಿತು. ಒಬ್ಬ ಸವಾರ ಸುನ್ನತನ ತೊಡೆಯಿಂದ ಮುಂಡ ಕಿತ್ತುಕೊಂಡ, ಅವನಿಂದ ಇನ್ನೊಬ್ಬ ಕಿತ್ತ. ಎರಡು ಸುತ್ತು ಅಂಗಳದಲ್ಲೇ ಆಟ ನಡೆದ ಮೇಲೆ ಒಬ್ಬನಿಗೆ ಬುದ್ಧಿ ಬಂದು, ಕೌದಿಯ ಮೇಲೆ ರಕ್ತದಲ್ಲಿ ಮುದುಡಿದ್ದ ತಾಯಿ ಮಗುವನ್ನು ಕಂಡು ಮುಂಡ ಕೆಳಗೆ ಬಿಟ್ಟ.

ಆಟ ನಿಂತಿತು. ಕಹಳೆಯವನು ಮಾತ್ರ ಹೆದರಿಕೆಗೆ ಇನ್ನೂ ಊದುತ್ತಲೇ ಇದ್ದ. ಯಾರೋ ಅವನ ಕೈಯಿಂದ ಕಿತ್ತು ಎಸೆದರು.

ಡಾಕ್ಟರಮ್ಮ ಓಡಿ ಬಂದಳು. ಮೊದಲು ಮಗುವನ್ನು ನೋಡಿದಳು. ಮೈಮೇಲೆಲ್ಲ ರಕ್ತ, ಅಷ್ಟೂ ತಾಯಿಯದು. ಏನೂ ಆಗಿಲ್ಲ, ಇದ್ದ ಹಾಗೇ ಇದೆ ಎಂದು ಅವಳು ಹೇಳಿದ ಮೇಲೆಯೇ ನೋರ್ಬೀಬಿ ಮಗುವಿನ ಮೇಲಿಂದ ಕೈ ತೆಗೆದದ್ದು. ಆಮೇಲೆ ಮುದುಕನ ಹತ್ತಿರ ಹೋದಳು. ಸೊಂಟದ ಕೆಳಗೆ ಮೂಳೆ ಪುಡಿಯಾಗಿತ್ತು. ಕದದ ಹಲಗೆ ಕಟ್ಟಿ ಕಾಲು ನೇರ ಮಾಡುವಾಗ, ಮೂಗು ಊದಿದ ಡ್ರೈವರನೇ ಅವನ ಭುಜ ಹಿಡಿದುಕೊಂಡ. ಹೋಲ್ಮುರಾದ್ ನರಳಲಿಲ್ಲ. ಹಲ್ಲು ಕಚ್ಚಿಕೊಂಡು ಅವಳನ್ನು ದುರುಗುಟ್ಟಿ ನೋಡುತ್ತಿದ್ದ.

"ನಮ್ಮ ವಂಶದ ರಕ್ತ ಬೇಕು ಅಂತಿದ್ಯಂತೆ. ಅಂಗಳದ ತುಂಬ ಇದೆ, ಬಟ್ಟಲು ತಂದು ತುಂಬ್ಕೋ."

"ಅದು ಎಲ್ಲರದೂ ಬೆರೆತುಹೋಗಿದೆ ಅಜ್ಜ. ನಂಗೆ ನಿಮ್ಮದು ಬೇರೆ ಬೇಕು."

ಮುದುಕ ಅಂಗಿಯ ತೋಳು ತಾನೇ ಮೇಲೇರಿಸಿ ಕೈ ಚಾಚಿದ. ಅವನದಾದ ಮೇಲೆ ಸುನ್ನತನೂ ಕುದುರೆಗೆ ಒರಗಿ ನಿಂತಲ್ಲೇ ಕೈ ಕೊಟ್ಟ.

ಅವತ್ತಿನಿಂದ ಉಸ್ತಾ ಎಗಂಬೆರ್ದಿಯ ಬಲಗೈ ಬೆರಳು ಮಡಚಲಿಲ್ಲ. ಅವನ ಮಕ್ಕಳು ಜಿಲ್ಲಾ ಠಾಣೆಗೆ ದೂರು ಕೊಟ್ಟರು. ಚೋರಿಯ ಬೆನ್ನು ಕೊಪ್ಪರಿಗೆಯ ಕೊಬ್ಬಿಗೆ ಬೆಂದಿತ್ತು, ಅವನೂ ಸಾಕ್ಷಿಗೆ ಹೆಬ್ಬೆಟ್ಟು ಒತ್ತಿದ. ಓಡಿಹೋಗು, ಬೆಟ್ಟ ದಾಟಿಬಿಡು ಎಂದು ಜೊತೆಯ ಸವಾರರು ಸುನ್ನತನಿಗೆ ಹೇಳಿದರು. ಅವನು ಹೋಗಲಿಲ್ಲ. ಬಿದ್ದ ಬಾಗಿಲಿನ ಮಣ್ಣು ಎತ್ತಿ ಹಾಕುತ್ತಿದ್ದ.

ಸೋಮವಾರ ಹೊತ್ತೇರಿದ ಮೇಲೆ ಅಪ್ಪ ಕರೆಯುತ್ತಿದ್ದಾನೆ ಎಂದು ಒಳಗಿನಿಂದ ಹೇಳಿಕಳಿಸಿದರು. ಹೋಲ್ಮುರಾದ್ ಕಿಟಕಿಯ ಬಳಿ ಮಲಗಿದ್ದ. ಮಗನ ಮುಖ ನೋಡದೆ, ರೊಟ್ಟಿ ಮುಟ್ಟಿ ಮಾತು ತಪ್ಪಿದವನು ನಾನು, ಅದಕ್ಕೆ ನನ್ನ ಕಾಲು ಹೋಯಿತು, ಆ ಲೆಕ್ಕ ದೇವರ ಜೊತೆ ಮುಗಿಯಿತು, ಆದರೆ ನೀನು ನನಗೆ ಯಾಕೆ ಎಂದು ಹೇಳಲೇ ಇಲ್ಲ ಎಂದ. ಸುನ್ನತ್ ನಿಂತೇ ಇದ್ದ.

"ನನ್ನ ದವಡೆ ಕುದುರೆಯಿಂದ ಬಿದ್ದು ಮುರೀಲಿಲ್ಲ ಅಪ್ಪಾ."

ಆಮೇಲೆ ಸ್ನಾನದ ಮನೆಯ ಮಾತನ್ನೆಲ್ಲ ಹೇಳಿದ. ಗೋಡೆಯ ಸಾಲು, ಹುಡುಗಿಯ ಹೆಸರು, ಕೊಳವೆ, ಬೂಟು. ಏನೂ ಬಿಡಲಿಲ್ಲ. ಹೇಳುವಾಗ ಅವನ ಧ್ವನಿ ಏರಲೂ ಇಲ್ಲ, ಇಳಿಯಲೂ ಇಲ್ಲ. ಮುದುಕ ಚಾವಣಿ ನೋಡುತ್ತ ಕೇಳಿದ.

"ಎಷ್ಟು ಜನ ಇದ್ರು?"

"ಐದಾರು ಜನ."

"ನೀನು ಸುಮ್ನೆ ಹೊಡೆಸ್ಕೊಂಡ್ಯಾ?"

"ಇಲ್ಲ. ಒಬ್ಬನ ಕಣ್ಣು ಕಿತ್ತುಹೋಯ್ತು."

ಮುದುಕ ಕಣ್ಣು ಮುಚ್ಚಿ, ಸರಿ ಎಂದ. ಕೈ ತಡವರಿಸಿ ಮಗನ ಬೂಟಿನ ತುದಿ ಸಿಕ್ಕಿತು, ಅದನ್ನೇ ಹಿಡಿದುಕೊಂಡ. ಸುನ್ನತ್ ಕಾಲು ಕದಲಿಸದೆ ನಿಂತ. ತಿಲೋವನನ್ನು ಆ ಡಾಕ್ಟರಮ್ಮನ ಜೊತೆ ಕಳಿಸು, ನನ್ನ ಮೊಮ್ಮಗ ನಿಂತು ಹೊಯ್ಯಲಿ, ದನ ಅಂದವರನ್ನ ನಾನು ನೋಡಿಕೊಳ್ಳುತ್ತೇನೆ ಎಂದು ಅಪ್ಪ ಹೇಳಿದ.

ಮುಂಗಾಜಿಲ್ಲದ ಜೀಪಿಗೆ ಡ್ರೈವರ್ ಒಂದು ಕೌದಿ ಅಡ್ಡ ಕಟ್ಟಿದ. ನೋರ್ಬೀಬಿ ಬಟ್ಟೆ ಸುತ್ತಿದ ಕೈಯನ್ನು ಎದೆಗೊತ್ತಿಕೊಂಡು, ಇನ್ನೊಂದು ಕೈಯಲ್ಲಿ ಮಗನನ್ನು ಹಿಡಿದು ಹತ್ತಿದಳು. ಅವರು ತಾಷ್ಕೆಂಟಿಗೆ ಹೊರಟದ್ದು ಮಂಗಳವಾರ. ಸುನ್ನತ್ ಹಳ್ಳದವರೆಗೆ ಜೀಪಿನ ಪಕ್ಕ ನಡೆದು ಹಿಂದೆ ಬಂದ. ಬಾಗಿಲ ಕಮಾನು ಮುಗಿಸಿದ, ಕುದುರೆಗೆ ಹುಲ್ಲು ಹಾಕಿದ. ಗುರುವಾರ ಜಿಲ್ಲಾ ಠಾಣೆಯ ವ್ಯಾನು ಬಂತು, ಇಬ್ಬರು ಪೊಲೀಸರ ನಡುವೆ ಕೂತು ಅವನೂ ಹೋದ.